ಬೂತಾಯಿ ಬಿಟ್ಟ ಜಾಗ

ಸಮುದ್ರ ಬಿಸಿಯಾದ ಮೇಲೆ ಬೂತಾಯಿ ನೆರಳು ಹುಡುಕಲು ಕಲಿಯಿತು. ಹೀಗೆಂದರೆ ಘಟ್ಟದ ಮೇಲಿನವರು ನಗುತ್ತಾರೆ. ನೀರೊಳಗೇ ಬಿದ್ದಿರುವ ಮೀನಿಗೆ ಎಂಥ ನೆರಳು ಮಾರಾಯ್ತಿ ಎಂದು ನನ್ನನ್ನೇ ಕೇಳಿದವರಿದ್ದಾರೆ. ನಗಲಿ, ನಗುವುದಕ್ಕೇನೂ ಸುಂಕವಿಲ್ಲ. ನಮ್ಮ ಪಡುಕೇರಿಗೆ ಮಾತ್ರ ಆ ನೆರಳಿನಿಂದ ಬಂದದ್ದು ಅಳು.

ಬೂತಾಯಿ ಎಂದರೆ ಅಂಗೈಯುದ್ದದ ಬೆಳ್ಳಿ ಬಣ್ಣದ ಮೀನು. ಅದಕ್ಕೆ ಒಂಟಿಯಾಗಿ ಬದುಕಲು ಬಾರದು. ಲಕ್ಷಗಟ್ಟಲೆ ಸೇರಿ ಈಜುತ್ತದೆ, ಒಂದು ಬೆದರಿದರೆ ಎಲ್ಲವೂ ಒಟ್ಟಿಗೇ ತಿರುಗುತ್ತವೆ. ನಮ್ಮಜ್ಜಿಯ ಕಾಲದಲ್ಲಿ ತಿಂದು, ಒಣಗಿಸಿ, ಮಿಕ್ಕಿದ್ದನ್ನು ತೆಂಗಿನ ಬುಡಕ್ಕೆ ಗೊಬ್ಬರವಾಗಿ ಹಾಕುವಷ್ಟು ಬರುತ್ತಿತ್ತಂತೆ. ನೀರು ಕಾದ ಮೇಲೆ ಅದು ದಡ ಬಿಟ್ಟಿತು. ದೂರದಲ್ಲಿ ತೇಲುವ ದಿಮ್ಮಿಯೋ ಹರಿದ ಬಲೆಯೋ ಸಿಕ್ಕರೆ ಅದರ ಅಡಿಗೆ ಗುಂಪಾಗಿ ನಿಲ್ಲತೊಡಗಿತು. ಇದನ್ನು ಕಂಡ ನಮ್ಮವರು ತೆಂಗಿನ ಮಡಲುಗಳನ್ನು ಕಂತೆ ಕಟ್ಟಿ, ಕಲ್ಲಿನ ಲಂಗರು ಇಳಿಸಿ, ಬಿದಿರಿಗೆ ಬಣ್ಣದ ಬಟ್ಟೆ ಸಿಕ್ಕಿಸಿ ಸಮುದ್ರದಲ್ಲಿ ತೇಲಿಬಿಟ್ಟರು. ಮೀನು ನೆರಳಿಗೆ ಬಂತು, ಮೀನಿನ ಹಿಂದೆಯೇ ಜಗಳವೂ ಬಂತು.

ನಾವು ಪಕ್ಕದೂರು ತೆಂಕಬೆಟ್ಟಿನವರ ಮಡಲಿನ ಕಟ್ಟಿನಡಿಗೆ ಬಲೆ ಹಾಕಿದೆವು, ಅವರು ನಮ್ಮದಕ್ಕೆ ಹಾಕಿದರು. ದೋಣಿಗಳಿಗೆ ಬೆಂಕಿ ಬಿತ್ತು. ಕೊನೆಗೆ ನಮ್ಮೂರಿನ ಹಿರಿಯ ಮಾಬಲಯ್ಯ ತೆಂಕಬೆಟ್ಟಿನ ಹಿರಿಯರ ಜೊತೆ ಸೊಂಟಮಟ್ಟದ ನೀರಿನಲ್ಲಿ ನಿಂತು, ಬೊಗಸೆಯಲ್ಲಿ ಉಪ್ಪುನೀರು ಹಿಡಿದು ಮಾತು ಕೊಟ್ಟರು. ಇನ್ನೊಂದು ಊರಿನ ಕಟ್ಟು ಕೂಗಳತೆಗೆ ಬಂತೆಂದರೆ ದೋಣಿ ತಿರುಗಿಸಬೇಕು, ಕಾರಣ ಏನೇ ಇರಲಿ. ಅಂದಿನಿಂದ ಎರಡೂ ಊರಿನಲ್ಲಿ ಯಾರೂ ಆ ಮಾತು ಮೀರಲಿಲ್ಲ. ಮೀರಿದವನ ಮನೆಯ ಮದುವೆಗೆ ಯಾರೂ ಹೋಗುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು.

ಮಾಬಲಯ್ಯನವರಿಗೆ ಇಬ್ಬರು ಗಂಡುಮಕ್ಕಳು. ದೊಡ್ಡವರು ತಿಮ್ಮಪ್ಪಣ್ಣ, ಊರಿನ ದೊಡ್ಡ ಬೋಟಿನ ತಾಂಡೇಲ. ಬೋಟು ನಡೆಸುವುದೂ ಅವರೇ, ಹುಡುಗರನ್ನು ಬೈದು ದುಡಿಸುವುದೂ ಅವರೇ. ಸಣ್ಣವನು ಭುಜಂಗ, ನನ್ನ ತಂಗಿ ಸುಗಂಧಿಯ ಗಂಡ. ಅವನಿಗೆ ದೊಡ್ಡ ಬೋಟಿನ ಗದ್ದಲ ಆಗುತ್ತಿರಲಿಲ್ಲ. ಒಬ್ಬನೇ ಸಣ್ಣ ಪಾತಿ ದೋಣಿಯಲ್ಲಿ ಹೋಗಿ ಗಾಳ ಹಾಕಿಕೊಂಡು ಕೂರುತ್ತಿದ್ದ. ಅಣ್ಣ ಬೈದರೆ ನಕ್ಕು ಸುಮ್ಮನಾಗುತ್ತಿದ್ದ, ಒಳ್ಳೆಯ ಪ್ರಾಣಿ.

ನಾನು ಜಲಜಾಕ್ಷಿ. ಬಂದರಿನ ಮಾಳಿಗೆಯ ನಿಯಂತ್ರಣ ಕೊಠಡಿಯಲ್ಲಿ ನನ್ನ ಕೆಲಸ. ನಮ್ಮ ಕರಾವಳಿಯುದ್ದಕ್ಕೂ ಸಮುದ್ರದ ತಳದಲ್ಲಿ ಕಂಬಗಳನ್ನು ನೆಟ್ಟಿದ್ದಾರೆ, ಜನ ಅವನ್ನು ಕಿವಿಗಂಬ ಅನ್ನುತ್ತಾರೆ. ಕಂಬ ಒಂದು ಸಣ್ಣ ಶಬ್ದ ಕಳಿಸುತ್ತದೆ. ಅದು ಬೂತಾಯಿಯ ಹೊಟ್ಟೆಯೊಳಗಿನ ಗಾಳಿಚೀಲಕ್ಕೆ ಬಡಿದು ವಾಪಸು ಬರುತ್ತದೆ. ಬಂದದ್ದನ್ನು ಯಂತ್ರ ಚಿತ್ರವಾಗಿ ಬಿಡಿಸುತ್ತದೆ. ಮೀನಿನ ಗುಂಪು ನೀಲಿ, ಬೋಟು ಬಿಳಿ ಗೆರೆ, ಮಡಲಿನ ಕಟ್ಟು ಹಸಿರು ಚುಕ್ಕಿ. ಕಟ್ಟಿಗೆ ಬಿಗಿದ ಗುರುತಿನ ಬಿಲ್ಲೆಯಿಂದ ಅದು ಯಾವ ಊರಿನದೆಂದೂ ಗೊತ್ತಾಗುತ್ತದೆ. ಇದೇ ಚಿತ್ರ ಪ್ರತಿ ಬೋಟಿನ ಪರದೆಗೂ ಹೋಗುತ್ತದೆ. ಕಂಬ ಬಂದ ಮೇಲೆ ನಮ್ಮವರು ಸಮುದ್ರವನ್ನು ನೋಡುವುದು ಬಿಟ್ಟು ಪರದೆಯನ್ನೇ ನೋಡತೊಡಗಿದರು. ಹಕ್ಕಿ ಎಲ್ಲಿ ಸುತ್ತುತ್ತಿದೆ, ನೀರಿನ ಬಣ್ಣ ಎಲ್ಲಿ ತಿರುಗಿದೆ ಎಂದು ಕತ್ತೆತ್ತಿ ಹುಡುಕುವ ಗಂಡಸರು ಈಗ ಇಲ್ಲ. ನನಗೂ ಅದರಲ್ಲಿ ತಪ್ಪು ಕಾಣುತ್ತಿರಲಿಲ್ಲ, ಅನ್ನ ಕೊಡುವ ಯಂತ್ರವಲ್ಲವೇ.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಹೇಳದೆ ಕೇಳದೆ ಒಂದು ಬಿರುಗಾಳಿ ಎದ್ದಿತು. ಭುಜಂಗನ ಪಾತಿ ಮಗುಚಿತು. ದೋಣಿ ಸಿಕ್ಕಿತು, ಅವನು ಸಿಗಲಿಲ್ಲ.

ಮರುದಿನ ಬೆಳಗ್ಗೆ ಮಳೆ ಪರದೆ ಕಟ್ಟಿದಂತೆ ಸುರಿಯುತ್ತಿತ್ತು. ತಿಮ್ಮಪ್ಪಣ್ಣ ಬೋಟು ತೆಗೆದುಕೊಂಡು ತಮ್ಮನನ್ನು ಹುಡುಕಲು ಹೊರಟರು. ಅಲ್ಲಿ ನಡೆದದ್ದನ್ನು ಬೋಟಿನ ಹುಡುಗರು ಆಮೇಲೆ ಊರಿಗೆಲ್ಲ ಹೇಳಿಕೊಂಡು ಬಂದರು. ಸಮುದ್ರದೊಳಗಿನ ಹೆಬ್ಬಂಡೆಯ ಹತ್ತಿರ ಪರದೆಯಲ್ಲಿ ಒಂದು ಹಸಿರು ಚುಕ್ಕಿ ಬಂತಂತೆ. ತೆಂಕಬೆಟ್ಟಿನ ಕಟ್ಟು, ಗಾಳಿಗೆ ಲಂಗರು ಕಿತ್ತು ತೇಲಿಬಂದದ್ದು. ಅದರಡಿಯಲ್ಲಿ ಬೂತಾಯಿ ತುಂಬಿ ತುಳುಕುತ್ತಿತ್ತು. ಹುಡುಗನೊಬ್ಬ, "ತಾಂಡೇಲ್ರೆ, ಒಂದ್ಸಲ ಹತ್ರ ಹೋಯಿ ಕಾಂಬ" ಅಂದನಂತೆ. ತಿಮ್ಮಪ್ಪಣ್ಣ ಸಿಡಿದೆದ್ದರು.

"ತಮ್ಮನ್ನ ಹುಡ್ಕುಕ್ ಬಂದದ್ದಾ, ಮಂದಿ ಮೀನ್ ಕದೂಕ್ ಬಂದದ್ದಾ? ನಾಚ್ಕೆ ಆತಿಲ್ಯಾ ನಿಮ್ಗೆ? ತಿರ್ಗ್ಸಿ ಬೋಟ್!"

ಬೋಟು ಕೂಗಳತೆಯಿಂದ ತಿರುಗಿತು. ಊರು ಈ ಕಥೆ ಕೇಳಿ ತಲೆದೂಗಿತು. ತಮ್ಮ ಕಾಣೆಯಾದ ದಿನವೂ ಅಪ್ಪನ ಮಾತು ತಪ್ಪದ ಗಂಡಸು ಎಂದು ಮೀನು ಮಾರ್ಕೆಟ್ಟಿನ ಹೆಂಗಸರು ಕಣ್ಣೊರೆಸಿಕೊಂಡು ಹೇಳುತ್ತಿದ್ದರು. ತೆಂಕಬೆಟ್ಟಿನವರು ಬಂದು ತಿಮ್ಮಪ್ಪಣ್ಣನ ಕೈ ಹಿಡಿದು ಹೋದರು.

ಹೆಣ ಸಿಗಲಿಲ್ಲ. ಹೆಣ ಸಿಗದವರ ಮನೆಯ ಕಷ್ಟ ಸಮುದ್ರದ ಬದಿಯವರಿಗೇ ಗೊತ್ತು. ಸತ್ತ ಎನ್ನುವಂತಿಲ್ಲ, ಬದುಕಿದ್ದಾನೆ ಎನ್ನುವಂತಿಲ್ಲ. ನಾನು ನನ್ನ ಬಾಡಿಗೆ ಮನೆ ಬಿಟ್ಟು ತಂಗಿಯ ಜೊತೆ ಬಂದು ಉಳಿದೆ. ಒಂದೇ ಅಂಗಳದಲ್ಲಿ ಅಣ್ಣತಮ್ಮಂದಿರ ಎರಡು ಮನೆ. ತಿಮ್ಮಪ್ಪಣ್ಣನ ಹೆಂಡತಿ ತೀರಿಹೋದಂದಿನಿಂದ ಅವರ ಊಟವೂ ಸುಗಂಧಿಯ ಕೈಯಿಂದಲೇ.

ಫೋನು ಹೊಡೆದುಕೊಂಡರೆ ಸಾಕು, ಸುಗಂಧಿ ಒಲೆ ಬಿಟ್ಟು ಓಡಿಬರುತ್ತಿದ್ದಳು. "ಯಾವ್ದಾರೂ ಹಡಗಿನವ್ರ್ ಎತ್ಕಂಡಿರ್ಕ್ ಅಕ್ಕ. ಭಾಷೆ ಬರ್ದೆ ಎಲ್ಲೋ ಕೂಕಂಡಿಪ್ರ್" ಎನ್ನುತ್ತಿದ್ದಳು. ಒಂದು ದಿನ ಹೀಗೆ, ಇನ್ನೊಂದು ದಿನ ಬೇರೆ. "ನಂಗ್ ಒಂದ್ ಗೊತ್ತಾದ್ರ್ ಸಾಕ್ ಅಕ್ಕ. ಸತ್ತಿರ್ ಅಂತಾದ್ರೂ ಅಡ್ಡಿಲ್ಲ. ಹಣಿಗ್ ಕುಂಕುಮ ಇಡೂಕೂ ಕೈ ನಡುಗತ್, ಇಡ್ದೆ ಇಪ್ಪುಕೂ ಹೆದ್ರಿಕೆ." ನಾನು ಏನು ಹೇಳಲಿ? ದಿನವಿಡೀ ಸಮುದ್ರದ ಚಿತ್ರ ನೋಡುವ ನನಗೇ ಅವನು ಎಲ್ಲಿ ಹೋದನೆಂದು ಗೊತ್ತಿರಲಿಲ್ಲ. ಆ ಯಂತ್ರಕ್ಕೆ ಒಂದು ಕಲ್ಲು ಎತ್ತಿಹಾಕುವಷ್ಟು ಸಿಟ್ಟು ಬರುತ್ತಿತ್ತು.

ತಿಮ್ಮಪ್ಪಣ್ಣ ಮಾತು ಕಡಿಮೆ ಮಾಡಿದರು. ಊಟಕ್ಕೆ ಕೂತರೆ ಸುಗಂಧಿ ಬಡಿಸಿ ಬಾಗಿಲ ಹಿಂದೆ ಸರಿಯುತ್ತಿದ್ದಳು. ಬಾವನ ಎದುರು ಕೂತು ಮಾತಾಡುವ ಪದ್ಧತಿ ನಮ್ಮಲ್ಲಿಲ್ಲ. ಅವರು ತಲೆ ಎತ್ತದೆ ಉಂಡು, "ಅವ್ಳ್ ಉಂಡ್ಲಾ ಜಲಜ?" ಎಂದು ನನ್ನನ್ನು ಕೇಳಿ ಎದ್ದುಹೋಗುತ್ತಿದ್ದರು.

ಬೇಸಿಗೆಯಲ್ಲಿ ಮೀನಿನ ವಿಜ್ಞಾನಿ ಡಾಕ್ಟರ್ ಉರಾಳರು ಬಂದರು. ಬೂತಾಯಿಯ ಮೇಲೆ ಆಯುಷ್ಯ ಸವೆಸಿದವರು, ಒಂದನ್ನೂ ಬಾಯಿಗಿಟ್ಟವರಲ್ಲ. "ಒಂದ್ ಸಲ ಹುರ್ದ್ ತಿಂದ್ ಕಾಣಿ ಡಾಕ್ಟ್ರೇ, ಅರ್ಧ ಸಂಶೋಧನೆ ಅಲ್ಲೇ ಮುಗೀತ್" ಎಂದು ನಾನು ರೇಗಿಸಿದರೆ, "ಉಳಿದರ್ಧ ನಿಮ್ಮ ಹತ್ರವೇ ಕೇಳಿ ಬರೆದುಕೊಳ್ತೇನೆ ಬಿಡಿ" ಎಂದು ನಗುತ್ತಿದ್ದರು. ಅವರ ತಲೆಯಲ್ಲಿ ಹೊಸದೊಂದು ಹೊಕ್ಕಿತ್ತು.

"ನೋಡಿ ಜಲಜಾಕ್ಷಿಯವರೇ, ಬೂತಾಯಿಯ ತಲೆಯ ಚರ್ಮದಡಿ ಕೂದಲೆಳೆಯಷ್ಟು ಸಣ್ಣ ನಾಳಗಳಿವೆ. ಪಕ್ಕದಲ್ಲಿ ನೀರು ಒಂಚೂರು ಅಲುಗಿದರೂ ಅದಕ್ಕೆ ಗೊತ್ತಾಗ್ತದೆ. ಜೀವ ಇಲ್ಲದ ವಸ್ತುವಿಗೆ ಅದು ಒತ್ತಿಕೊಂಡೇ ನಿಲ್ತದೆ. ಜೀವ ಇರುವುದಕ್ಕೆ ಜಾಗ ಬಿಡ್ತದೆ. ಗುಂಪಿನೊಳಗೆ ಎಲ್ಲಿ ಟೊಳ್ಳು ಉಂಟೋ ಅಲ್ಲಿ ಏನೋ ಅಲುಗ್ತಾ ಉಂಟು ಅಂತ ಲೆಕ್ಕ. ಆ ಟೊಳ್ಳಿನ ಆಕಾರ ಓದಿದರೆ ಒಳಗಿರುವುದು ಹಂದಿಮೀನಾ, ಆಮೆಯಾ, ಮನುಷ್ಯನಾ ಹೇಳಬಹುದು. ಮೀನಿನ ಗುಂಪನ್ನೇ ಕಣ್ಣು ಮಾಡಿಕೊಂಡ ಹಾಗೆ."

"ಮನುಷ್ಯ ಯಾಕೆ ಬರ್ತ ಅಲ್ಲಿಗೆ?" ಎಂದೆ.

"ಮುಳುಗುವವರು ಬರ್ತಾರಲ್ಲ" ಅಂದರು, ಅಂದ ಮೇಲೆ ನನ್ನ ಮುಖ ನೋಡಿ ನಾಲಿಗೆ ಕಚ್ಚಿಕೊಂಡರು.

ಅವರ ಹೊಸ ಲೆಕ್ಕವನ್ನು ಹಳೆಯ ಚಿತ್ರಗಳ ಮೇಲೆ ಪರೀಕ್ಷಿಸಬೇಕಿತ್ತು. ತೇಲುವ ಕಟ್ಟುಗಳು ಹೆಚ್ಚಿದ್ದ ದಿನ ಬೇಕೆಂದರು. ಬಿರುಗಾಳಿಯ ಮರುದಿನಕ್ಕಿಂತ ಬೇರೆ ಯಾವುದಿದೆ? ನಾನೇ ಹಾಕಿದೆ. ಒಂದೊಂದೇ ಹಸಿರು ಚುಕ್ಕಿಯನ್ನು ದೊಡ್ಡದು ಮಾಡಿ ಅಡಿಯಿಂದ ನೋಡುತ್ತಾ ಹೋದೆವು. ಎಲ್ಲದರಡಿಯಲ್ಲೂ ಬೂತಾಯಿ ಮಡಲಿಗೆ ಮೂತಿ ಒತ್ತಿ ನಿಂತಿತ್ತು. ಹೆಬ್ಬಂಡೆಯ ಹತ್ತಿರದ ಕಟ್ಟಿನಡಿಯಲ್ಲಿ ಮಾತ್ರ ಹಾಗಿರಲಿಲ್ಲ. ಅಲ್ಲಿ ಬಟ್ಟಲಿನಂತೆ ಒಂದು ಟೊಳ್ಳು. ಅದು ಅಗಲವಾಗುತ್ತಿತ್ತು, ಕುಗ್ಗುತ್ತಿತ್ತು, ಮತ್ತೆ ಅಗಲವಾಗುತ್ತಿತ್ತು.

ಉರಾಳರು ಕುರ್ಚಿಯಿಂದ ಮುಂದೆ ಬಾಗಿದರು. "ಇದು ಮೀನಲ್ಲ. ಎರಡು ಕಾಲು ಬಡಿಯುವ ಲಯ ಇದು. ಯಾರೋ ಕಟ್ಟನ್ನು ತಬ್ಬಿಕೊಂಡು..." ಅಷ್ಟು ಹೇಳಿ ನಿಲ್ಲಿಸಿದರು.

ಆ ಗಾಳಿಗೆ ಕಾಣೆಯಾದವನು ಭುಜಂಗನೊಬ್ಬನೇ. ಚಿತ್ರ ತನ್ನ ಪಾಡಿಗೆ ಓಡುತ್ತಿತ್ತು. ಒಂದು ಬಿಳಿ ಗೆರೆ ಬಂತು, ದೊಡ್ಡ ಬೋಟಿನದು, ನೇರ ಕಟ್ಟಿನ ಕಡೆಗೇ. ಬೋಟು ಹತ್ತಿರವಾದಂತೆ ಟೊಳ್ಳು ಇದ್ದಕ್ಕಿದ್ದಂತೆ ಎರಡು ಪಟ್ಟು ಅಗಲವಾಯಿತು. ಜೀವವನ್ನೆಲ್ಲ ಕಾಲಿಗೆ ತಂದುಕೊಂಡು ಒದ್ದಿದ್ದಾನೆ, ಮೈಯನ್ನು ನೀರಿನಿಂದ ಮೇಲೆತ್ತಲು, ಕೈ ಬೀಸಲು. ಬೂತಾಯಿ ಹೆದರಿ ದೂರ ಸರಿದಿದೆ. ಬಿಳಿ ಗೆರೆ ನಿಂತಿತು. ಆಮೇಲೆ ತಿರುಗಿ ಹೋಯಿತು. ಟೊಳ್ಳು ಬಹಳ ಹೊತ್ತು ಹಾಗೇ ಒದ್ದಾಡುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಕುಗ್ಗಿ ಕುಗ್ಗಿ, ಕೊನೆಗೆ ಬೂತಾಯಿ ಒಂದೊಂದೇ ಒಳಗೆ ಬಂದು ಮಡಲಿಗೆ ಒತ್ತಿ ನಿಂತಿತು. ಸ್ವಲ್ಪ ಹೊತ್ತಿಗೆ ಆ ಕಟ್ಟು ಕಂಬಗಳ ಸಾಲನ್ನು ದಾಟಿ ಆಳ ಸಮುದ್ರಕ್ಕೆ ಹೋಯಿತು.

ನಾನು ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ. ಉರಾಳರು ಎದ್ದುಹೋಗಿ ನೀರು ತಂದಿಟ್ಟರು.

ಮುಚ್ಚಿಡಬಹುದಿತ್ತು. ಆದರೆ ತಂಗಿಗೆ ಬೇಕಾಗಿದ್ದುದು ಇದೊಂದೇ, ಸತ್ತದ್ದು ನಿಜ ಎಂಬ ಒಂದು ಗುರುತು. ಕೊನೆಯ ಭಾಗ ಮಾತ್ರ ತೋರಿಸೋಣ ಎಂದುಕೊಂಡು ಅವಳನ್ನು ಕೊಠಡಿಗೆ ಕರೆತಂದೆ. ಅವಳು ಮೊದಲಿನಿಂದ ನೋಡಬೇಕೆಂದು ಹಟ ಹಿಡಿದಳು. ಟೊಳ್ಳು ಅಗಲವಾಗಿ ಕುಗ್ಗುವುದನ್ನು ನೋಡುತ್ತಾ ಪರದೆಯ ಮೇಲೆ ಬೆರಳಿಟ್ಟುಕೊಂಡೇ ಕೂತಿದ್ದಳು. ಬಿಳಿ ಗೆರೆ ಬಂದಾಗ ಬೆರಳು ತೆಗೆದಳು.

"ಇದ್ ಯಾರ್ ಬೋಟ್?"

"ಯಾರ್ದೋ ಏನೋ. ಆ ದಿನ ಸುಮಾರ್ ಬೋಟ್ ಹೋಗಿತ್ತಲ್ಲ."

"ನನ್ ಹತ್ರ ಸುಳ್ ಹೇಳ್ಬೇಡ ಅಕ್ಕ. ತೆಂಕಬೆಟ್ಟಿನ್ ಕಟ್ಟಿಂದ ಹಿಂದ್ ತಿರ್ಗದ್ದ್ ಯಾರಂತ ಇಡೀ ಊರಿಗ್ ಗೊತ್ತಿತ್." ಅವಳ ಧ್ವನಿ ಏರಲೂ ಇಲ್ಲ. ಮತ್ತೆ ಪರದೆಗೆ ಬೆರಳಿಟ್ಟು, "ಅವ್ರಿಗ್ ಇಂಜಿನ್ ಶಬ್ದ ಗೊತ್ತಾಯಿರ್ಕ್. ಅಣ್ಣ ಬಂದ್ರ್ ಅಂತ ಎಷ್ಟ್ ಖುಷಿ ಆಯಿತ್ತೋ ಏನೋ" ಅಂದಳು. ಹಣೆಯ ಕುಂಕುಮವನ್ನು ಅಲ್ಲೇ ಸೆರಗಿನಿಂದ ಒರೆಸಿಕೊಂಡಳು. ನಾನು ಅವಳನ್ನು ತಬ್ಬಿಕೊಂಡರೆ ಅವಳ ಮೈ ಮರಗಟ್ಟಿತ್ತು.

ಉರಾಳರು ಕೈ ಹಿಸುಕಿಕೊಳ್ಳುತ್ತಾ ನಿಂತಿದ್ದರು. "ಅಮ್ಮಾ, ಈಗ ಕೇಳಬಾರದು, ಆದರೂ ಕೇಳ್ತೇನೆ. ಬೋಟು ಹತ್ತಿರ ಬಂದಾಗ ಬರೀ ಕಟ್ಟಾದರೆ ಬೂತಾಯಿ ಹೀಗೆ ಸರಿಯುವುದಿಲ್ಲ. ಮನುಷ್ಯ ಇದ್ದರೆ ಮಾತ್ರ ಸರೀತದೆ. ಯಂತ್ರ ಕಲಿಯಬೇಕಾದ್ದು ಇದನ್ನೇ. ನಮ್ಮ ಹತ್ರ ಇರುವುದು ಈ ಒಂದೇ ಚಿತ್ರ. ಇದನ್ನು ಕಲಿಸಿದರೆ ನಾಳೆ ಇಂಥ ಕಡೆ ಹಸಿರು ಚುಕ್ಕಿ ಕೆಂಪಾಗ್ತದೆ, ಬೋಟಿನವರು ಹೋಗಿ ಎತ್ತಿಕೊಳ್ತಾರೆ. ನೀವು ಬೇಡ ಅಂದರೆ ಅಳಿಸಿಬಿಡ್ತೇನೆ."

"ಡಾಕ್ಟ್ರೇ, ಅಳ್ಸಿದ್ರ್ ಅವ್ರ್ ವಾಪಸ್ ಬತ್ರಾ?" ಅಂದಳು ಸುಗಂಧಿ. "ಕಲ್ಸಿ. ಇನ್ನೊಬ್ಬಳ ಗಂಡನಾದ್ರೂ ಮನಿಗ್ ಬರ್ಲಿ. ಆದ್ರ್ ನಮ್ ಬಾವಂಗ್ ಮಾತ್ರ ಗೊತ್ತಾಪುಕಾಗ. ಗೊತ್ತಾದ್ರ್ ಅವ್ರ್ ಬದುಕೂದಿಲ್ಲ."

ಹೆಸರು, ದಿನಾಂಕ ಎಲ್ಲ ತೆಗೆದುಹಾಕುವುದಾಗಿ ಉರಾಳರು ಮಾತು ಕೊಟ್ಟರು.

ಮನೆಗೆ ಬಂದು ತಿಮ್ಮಪ್ಪಣ್ಣನಿಗೆ ನಾನೇ ಹೇಳಿದೆ. ಯಂತ್ರದಲ್ಲಿ ಗುರುತು ಸಿಕ್ಕಿತು, ಗಾಳಿ ಎದ್ದ ಕೂಡಲೇ ಭುಜಂಗ ಮುಳುಗಿದ್ದ ಎಂದೆ. ಅವರು ಜಗಲಿಯ ಕಂಬ ಹಿಡಿದುಕೊಂಡರು.

"ಕೂಡ್ಲೇ ಅಂದ್ಯಲೆ? ನರಳ್ಲಿಲ್ಲ ಅಲ್ದಾ?"

"ಇಲ್ಲ ಅಣ್ಣಯ್ಯ. ಅವಂಗ್ ಗೊತ್ತೇ ಆಯ್ಲಿಲ್ಲ."

"ಸದ್ಯ, ದೇವ್ರ್ ದೊಡ್ಡವ" ಎಂದು ಮಗುವಿನಂತೆ ಅತ್ತರು. ಬಾಗಿಲ ಹಿಂದೆ ಸುಗಂಧಿ ನಿಂತಿದ್ದಳು. ದರ್ಭೆಯಲ್ಲಿ ಬೊಂಬೆ ಮಾಡಿ ದಡದಲ್ಲಿ ಸುಟ್ಟು ಕ್ರಿಯೆ ಮುಗಿಸಿದೆವು. ಅಂದಿನಿಂದ ತಿಮ್ಮಪ್ಪಣ್ಣ ಸ್ವಲ್ಪ ಮಾತಾಡತೊಡಗಿದರು. ಅವಳು ಎಂದಿನಂತೆ ಬಡಿಸಿದಳು, ಅವರು ಉಂಡರು. ಒಂದು ದಿನ ಊಟದ ನಡುವೆ, "ಅಪ್ಪಯ್ಯನ ಮಾತ್ ಒಂದ್ ಉಳಿಸ್ಕಂಡೆ ಜಲಜ. ಅದೊಂದೇ ಸಮಾಧಾನ" ಅಂದರು. ಒಳಗೆ ಸುಗಂಧಿ ಸಾರಿನ ಪಾತ್ರೆ ಕೆಳಗಿಟ್ಟ ಶಬ್ದ ಕೇಳಿತು. ಮತ್ತೆ ಬಡಿಸಲು ಬಂದಳು. ಆ ಹೆಣ್ಣಿಗೆ ಅಷ್ಟು ಗಟ್ಟಿ ಎದೆ ಎಲ್ಲಿಂದ ಬಂತೋ.

ಮಳೆಗಾಲದ ಮೀನುಗಾರಿಕೆ ರಜೆ ಮುಗಿಯುವ ಮುಂಚೆ ಉರಾಳರ ಹೊಸ ಯಂತ್ರ ಸಿದ್ಧವಾಯಿತು. ಬಂದರಿನ ಹರಾಜು ಕಟ್ಟೆಯಲ್ಲಿ ಸಭೆ. ಎರಡೂ ಊರಿನ ತಾಂಡೇಲರು, ಬೋಟಿನ ಹುಡುಗರು, ಹಿಂದೆ ಮೀನು ಮಾರುವ ಹೆಂಗಸರು. ಸುಗಂಧಿಯೂ ಅವರ ನಡುವೆ ಕೂತಿದ್ದಳು. ಬರಬೇಡ ಅಂದರೆ ಕೇಳಿರಲಿಲ್ಲ. ತಿಮ್ಮಪ್ಪಣ್ಣ ಮುಂದಿನ ಸಾಲಿನಲ್ಲಿದ್ದರು. ಚಿತ್ರ ಓಡಿಸಲು ನಾನೇ ಕೂತೆ.

ಉರಾಳರು ಹೇಳಿದ ಹಾಗೆಯೇ ಹೆಸರಿರಲಿಲ್ಲ, ದಿನಾಂಕವಿರಲಿಲ್ಲ. ಟೊಳ್ಳು ತೋರಿಸಿದರು. ಇದೊಬ್ಬ ಮನುಷ್ಯ, ಕಟ್ಟನ್ನು ಹಿಡಿದು ತೇಲುತ್ತಿದ್ದಾನೆ ಎಂದಾಗ ಹಿಂದಿನವರು ಎದ್ದು ನಿಂತು ನೋಡಿದರು. ಬಿಳಿ ಗೆರೆ ಬಂತು. ಟೊಳ್ಳು ಅಗಲವಾಯಿತು. "ಇಲ್ಲಿ ನೋಡಿ, ಬೋಟಿನ ಶಬ್ದ ಕೇಳಿ ಅವ ಕೂಗ್ತಿದ್ದಾನೆ" ಅಂದರು ಉರಾಳರು. ಗೆರೆ ತಿರುಗಿ ಹೋಯಿತು.

ತಿಮ್ಮಪ್ಪಣ್ಣ ಎದ್ದು ನಿಂತರು. ಮುಖ ಕೆಂಡವಾಗಿತ್ತು.

"ಯಾರ್ ಅವ ತಾಂಡೇಲ? ಕೂಗಳತಿಗ್ ಬಂದ್ ಬಿಟ್ಟ್ ಹೋದ್ನಲ್ಲ, ಅವ ಮನ್ಷನಾ? ಅವ್ನ ಮನಿ ಹಾಳಾಯ್ಲಿ! ಅಂಥವ್ನ ಕೈಲಿ ಬೋಟ್ ಕೊಟ್ಟದ್ ಯಾರ್?"

ಅವರು ತಮ್ಮ ಹುಡುಗರ ಕಡೆ ತಿರುಗಿದರು, ಬೆಂಬಲಕ್ಕೆಂದು. ಹುಡುಗರು ಒಬ್ಬೊಬ್ಬರೇ ತಲೆ ತಗ್ಗಿಸಿದರು. ಒಬ್ಬ ಅಳುತ್ತಿದ್ದ. ತಿಮ್ಮಪ್ಪಣ್ಣ ಮತ್ತೆ ಪರದೆಯ ಕಡೆ ನೋಡಿದರು. ಉರಾಳರು ಹೆಸರು ತೆಗೆದಿದ್ದರು, ಸಮುದ್ರದ ತಳವನ್ನು ತೆಗೆದಿರಲಿಲ್ಲ. ಚಿತ್ರದ ಮೂಲೆಯಲ್ಲಿ ಹೆಬ್ಬಂಡೆ ಇತ್ತು. ಆ ಬಂಡೆಯನ್ನು ಗುರುತಿಸದ ತಾಂಡೇಲ ನಮ್ಮ ಕರಾವಳಿಯಲ್ಲಿಲ್ಲ. ನಾನು ಚಿತ್ರ ನಿಲ್ಲಿಸಿದೆ, ತಡವಾಗಿತ್ತು.

ಅವರು ಹಾಗೇ ಕುಸಿದು ಹರಾಜು ಕಟ್ಟೆಯ ಒದ್ದೆ ನೆಲದ ಮೇಲೆ ಕೂತರು. ತೆಂಕಬೆಟ್ಟಿನ ಮುದುಕರೊಬ್ಬರು ಭುಜ ಮುಟ್ಟಲು ಬಂದರೆ ಕೈ ತಳ್ಳಿದರು. ಜನ ಒಬ್ಬೊಬ್ಬರಾಗಿ ಎದ್ದು ಹೋದರು. ಉರಾಳರು ತಲೆಯ 
ಮೇಲೆ ಕೈ ಹೊತ್ತು ನಿಂತಿದ್ದರು. ಹಿಂದಿನಿಂದ ಸುಗಂಧಿ ಬಂದಳು. ಎಂದೂ ಬಾವನ ಎದುರು ಕೂರದವಳು ಅವರ ಮುಂದೆ ನೆಲದ ಮೇಲೆಯೇ ಕೂತಳು.

ತಿಮ್ಮಪ್ಪಣ್ಣ ಅವಳ ಬೋಳು ಹಣೆಯನ್ನು ನೋಡಿದರು.

"ನಿಂಗ್ ಮೊದ್ಲೇ ಗೊತ್ತಿತ್ತಾ?"

"ಗೊತ್ತಿತ್ತ್ ಬಾವ."

"ಯಾವಾಗಿಂದ?"

"ಮಳಿ ಬಪ್ಪುಕ್ ಮುಂಚಿಂದ."

"ಗೊತ್ತಿದ್ದೂ ಇಷ್ಟ್ ದಿನ ನಂಗ್ ಉಂಬುಕ್ ಬಡಿಸ್ದ್ಯಲ್ಲ ಹೆಣ್ಣೇ?"

"ಮತ್ಯಾರಿಗ್ ಬಡಿಸೂದ್ ಬಾವ?" ಅಂದಳು ಸುಗಂಧಿ. "ಏಳಿ, ಮನಿಗ್ ಹೋಪ."